ಬೆನ್ನು ಮತ್ತು ತೊಡೆಸಂದುಗಳ ಬಾಗುವಿಕೆಯ ಪರೀಕ್ಷೆಗಳು: ಮಧುಗಿರಿ ಸೀಮೆಯ ಒಂದು ವ್ಯಾಧಿಯ ನಿಮಿತ್ತವಾಗಿ

ಕನ್ನಡದಲ್ಲಿ ‘ಸೊಂಟ’ವೆಂಬ ಶಬ್ದವು ಒಂದೇ ಅಂಗವನ್ನು ಹೇಳುವುದಿಲ್ಲ. ನೀರಿನ ಕೊಡವನ್ನು ಇಟ್ಟುಕೊಳ್ಳುವ ಸೊಂಟವು ಪಕ್ಕದ ಎಲುಬಿನ ಅಂಚು. ಪಂಚೆಯನ್ನು ಸುತ್ತುವ ಸೊಂಟವು ನಡು. ಕಳೆ ಕಿತ್ತು ಬಂದ ಹೆಂಗಸು ‘ಸೊಂಟ ಹಿಡಿದಿದೆ’ ಎನ್ನುವಾಗ ಆಕೆಯ ಕೈ ಬೆನ್ನಿನ ಕೆಳಭಾಗದ ಮೇಲಿರುವುದು. ಮುದುಕನು ಜಾರಿ ಬಿದ್ದು ‘ಸೊಂಟ ಮುರಿಯಿತು’ ಎಂದಾಗ ವೈದ್ಯನು ಕಾಣುವುದು ಬಹುಮಟ್ಟಿಗೆ ತೊಡೆಯೆಲುಬಿನ ಕತ್ತಿನ ಭಂಗವನ್ನು. ಲೋಕವ್ಯವಹಾರದಲ್ಲಿ ಇದರಿಂದ ಹಾನಿಯಿಲ್ಲ, ಪ್ರಕರಣದಿಂದ ಅರ್ಥನಿರ್ಣಯವಾಗುತ್ತದೆ. ಚಿಕಿತ್ಸೆಯಲ್ಲಿ ಮಾತ್ರ ಹಾನಿಯುಂಟು. ಬಾಗಲಾರದ ಮನುಷ್ಯನಲ್ಲಿ ಬಾಗದೆ ಇರುವುದು ಬೆನ್ನೆಲುಬೋ ತೊಡೆಸಂದೋ ಎಂಬುದು ನಿಶ್ಚಯವಾಗದ ಹೊರತು, ಏತಕ್ಕೆ ಬಾಗದೆಂಬ ಮುಂದಿನ ಪ್ರಶ್ನೆಯನ್ನು ಸರಿಯಾಗಿ ಕೇಳುವಂತೆಯೇ ಇಲ್ಲ.

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ಗುರುತ್ವವಿದೆ. ಕೆಲವು ಕಾಲದ ಹಿಂದೆ ಓಲೆಗರಿಯ ಕಟ್ಟೊಂದನ್ನು ನೋಡುವುದಕ್ಕಾಗಿ ನಾನು ಈ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆನು. ಮನೆಯ ಯಜಮಾನರು ಪಕ್ಕದಲ್ಲಿದ್ದವರನ್ನು ನೋಡಬೇಕಾದರೆ ಕತ್ತನ್ನು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಒಂದು ಗರಿ ನೆಲಕ್ಕೆ ಬೀಳಲು, ಅದನ್ನು ಎತ್ತಿಕೊಡುವುದಕ್ಕೆ ಮಗನನ್ನು ಕೂಗಿದರು. ‘ವಯಸ್ಸಾಯಿತು, ಸ್ವಾಮಿ’ ಎಂದರು. ವಿಚಾರಿಸಲಾಗಿ ಅವರು ಐವತ್ತನ್ನು ದಾಟಿದ ನನಗಿಂತ ಎಂಟು ವರ್ಷ ಚಿಕ್ಕವರೆಂದು ತಿಳಿಯಿತು. ಗರಿಯನ್ನು ಎತ್ತಿಕೊಟ್ಟು ನಕ್ಕ ಹುಡುಗನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಗೆರೆಗಳಿದ್ದುವು.

‘ವಯಸ್ಸಾಯಿತು’ ಎಂದು ಅವರು ಹೇಳಿದ ಹೇತುವು ಸದ್ಧೇತುವೇ ಹೇತ್ವಾಭಾಸವೇ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ; ವ್ಯಾಕರಣ ತರ್ಕಗಳನ್ನು ಓದಿದವನು. ಆದರೆ ದೇಹದ ಬಾಗುವಿಕೆಯನ್ನು ಅಳೆಯಲು ವೈದ್ಯರು ಬಳಸುವ ಪರೀಕ್ಷೆಗಳಲ್ಲಿ ಔಷಧದ ರಹಸ್ಯವೇನೂ ಇಲ್ಲ. ಅವು ಕಣ್ಣು, ಕೈ, ಅಳತೆಯ ಪಟ್ಟಿ ಇವುಗಳಿಂದ ನಡೆಯುವ ಅನುಮಾನಗಳು. ಯಾವ ಲಿಂಗದಿಂದ ಎಷ್ಟನ್ನು ಸಾಧಿಸಬಹುದು, ಎಲ್ಲಿಂದಾಚೆಗೆ ಸಾಧಿಸಕೂಡದು ಎಂಬ ವಿಚಾರವು ನಮ್ಮಂಥವರಿಗೂ ನಿಲುಕತಕ್ಕದ್ದೇ.

೧. ಎರಡು ಬಗೆಯ ಸಂಧಿಗಳು

ಸುಶ್ರುತನು ಶಾರೀರಸ್ಥಾನದಲ್ಲಿ ಸಂಧಿಗಳನ್ನು ಎಂಟು ವಿಧವಾಗಿ ವಿಂಗಡಿಸುತ್ತಾನೆ. ಅವುಗಳಲ್ಲಿ ಪ್ರಕೃತಕ್ಕೆ ಬೇಕಾದುವು ಎರಡು. ವಂಕ್ಷಣದಲ್ಲಿ, ಎಂದರೆ ತೊಡೆಸಂದಿನಲ್ಲಿ, ಇರುವುದು ಉಲೂಖಲಸಂಧಿ. ಒರಳಿನಲ್ಲಿ ಒನಕೆಯ ತುದಿ ಕುಳಿತಂತೆ ತೊಡೆಯೆಲುಬಿನ ತಲೆಯು ಗುಳಿಯಲ್ಲಿ ಕುಳಿತಿರುವುದರಿಂದ ಈ ಹೆಸರು. ಕತ್ತಿನಲ್ಲಿಯೂ ಬೆನ್ನಿನಲ್ಲಿಯೂ ಇರುವುವು ಪ್ರತರಸಂಧಿಗಳು. ಈಗಿನ ಶಾರೀರಶಾಸ್ತ್ರದ ವಿವರಗಳು ಬೇರೆಯಾದರೂ ಈ ವಿಭಾಗದ ಮುಖ್ಯಾಂಶವು ಇಂದಿಗೂ ನಿಲ್ಲುವಂಥದು. ತೊಡೆಸಂದು ಒಂದೇ ಸಂಧಿ. ಅದು ಮುಂದಕ್ಕೆ ಸುಮಾರು ೧೨೦ ಅಂಶಗಳಷ್ಟು ಮಡಿಚುತ್ತದೆ, ಹಿಂದಕ್ಕೂ ಪಕ್ಕಕ್ಕೂ ಸರಿಯುತ್ತದೆ, ಒಳಹೊರಗೆ ತಿರುಗುತ್ತದೆ. ಬೆನ್ನಿನದು ಹಾಗಲ್ಲ. ಕತ್ತಿನಲ್ಲಿ ೭, ಎದೆಯ ಹಿಂದೆ ೧೨, ಸೊಂಟದ ಹಿಂದೆ ೫ ಮಣಿಗಳು ಬೇರೆ ಬೇರೆಯಾಗಿದ್ದು, ಒಂದೊಂದರ ನಡುವೆಯೂ ಸ್ವಲ್ಪ ಸ್ವಲ್ಪವೇ ಚಲನೆಯಿರುತ್ತದೆ. ಆ ಸ್ವಲ್ಪಗಳೆಲ್ಲ ಕೂಡಿದಾಗ ಬೆನ್ನು ಬಿಲ್ಲಿನಂತೆ ಮಣಿಯುತ್ತದೆ.

ನಾವು ನೆಲದ ಮೇಲಿನ ವಸ್ತುವನ್ನು ಎತ್ತಿಕೊಳ್ಳುವಾಗ ಇವೆರಡೂ ಒಟ್ಟಿಗೆ ದುಡಿಯುತ್ತವೆ. ಜೊತೆಗೆ ತೊಡೆಯ ಹಿಂಬದಿಯ ಸ್ನಾಯುಗಳೂ ಸಡಿಲಬೇಕು. ಹೀಗೆ ಬಾಗುವುದೆಂಬ ಒಂದು ಕ್ರಿಯೆಗೆ ಮೂವರು ಕರ್ತೃಗಳು. ಪರೀಕ್ಷೆಗಳ ಕೆಲಸವೆಲ್ಲ ಈ ಮೂವರನ್ನು ಬೇರ್ಪಡಿಸುವುದು.

೨. ನೆಲವನ್ನು ಮುಟ್ಟುವ ಪರೀಕ್ಷೆ

ಎಲ್ಲಕ್ಕಿಂತ ಸುಲಭವಾದುದು ಎಲ್ಲರಿಗೂ ಗೊತ್ತಿರುವುದೇ. ನೆಟ್ಟಗೆ ನಿಂತು, ಮೊಣಕಾಲನ್ನು ಮಡಿಸದೆ, ಮುಂದಕ್ಕೆ ಬಾಗಿ ಕಾಲ್ಬೆರಳುಗಳನ್ನು ಮುಟ್ಟಬೇಕು. ಮುಟ್ಟಲಾಗದಿದ್ದರೆ ನಡುಬೆರಳಿನ ತುದಿಗೂ ನೆಲಕ್ಕೂ ಇರುವ ಅಂತರವನ್ನು ಸೆಂಟಿಮೀಟರುಗಳಲ್ಲಿ ಅಳೆದು ಬರೆದಿಡತಕ್ಕದ್ದು. ಆರು ತಿಂಗಳ ತರುವಾಯ ಮತ್ತೆ ಅಳೆದರೆ ರೋಗವು ಏರಿತೋ ಇಳಿಯಿತೋ ತಿಳಿಯುತ್ತದೆ.

ಆದರೆ ಇದನ್ನೇ ಬೆನ್ನಿನ ಬಿಗಿತದ ಲಕ್ಷಣವೆಂದು ಇಟ್ಟುಕೊಂಡರೆ ಅತಿವ್ಯಾಪ್ತಿಯೂ ಅವ್ಯಾಪ್ತಿಯೂ ಎರಡೂ ಬರುತ್ತವೆ. ಹೇಗೆಂದರೆ, ತೊಡೆಯ ಹಿಂಬದಿಯ ಸ್ನಾಯುಗಳು ಬಿಗಿದಿರುವ ಯುವಕನು ಬೆನ್ನು ನೆಟ್ಟಗಿದ್ದರೂ ನೆಲವನ್ನು ಮುಟ್ಟಲಾರನು; ರೋಗವಿಲ್ಲದವನಲ್ಲಿ ಲಕ್ಷಣವಿದ್ದಂತಾಯಿತು. ಬೆನ್ನೆಲ್ಲ ಮರದ ಹಲಗೆಯಂತೆ ಗಡುಸಾಗಿರುವ ಮತ್ತೊಬ್ಬನು ತೊಡೆಸಂದುಗಳು ಚೆನ್ನಾಗಿದ್ದರೆ ಬಾಗಿಲಿನ ತಿರುಗಣಿಯಂತೆ ಅಲ್ಲಿಯೇ ಮಡಿಚಿಕೊಂಡು ನೆಲವನ್ನು ಮುಟ್ಟಿಬಿಡಬಹುದು, ರೋಗವಿರುವವನಲ್ಲಿ ಲಕ್ಷಣವಿಲ್ಲದಂತಾಯಿತು. ‘ಸೊಂಟ’ವೆಂಬ ಶಬ್ದದಲ್ಲಿ ಯಾವ ಸಂಕರವಿದೆಯೋ ಈ ಪರೀಕ್ಷೆಯಲ್ಲಿಯೂ ಅದೇ ಸಂಕರವಿದೆ. ಆದುದರಿಂದ ಇದು ಸಂಶಯವನ್ನು ಹುಟ್ಟಿಸಲು ಸಾಕು, ನಿರ್ಣಯಕ್ಕೆ ಸಾಲದು.

೩. ಬೆನ್ನನ್ನು ಮಾತ್ರ ಅಳೆಯುವ ಉಪಾಯ

ಈ ಸಂಕರವನ್ನು ಬಿಡಿಸುವ ಒಂದು ಸರಳವಾದ ಉಪಾಯವನ್ನು ಜರ್ಮನಿಯ ವೈದ್ಯನಾದ ಷೋಬರನು ೧೯೩೭ರಲ್ಲಿ ಪ್ರಕಟಿಸಿದನು. ೧೯೬೯ರಲ್ಲಿ ಮೆಕ್ರೇ ಮತ್ತು ರೈಟ್ ಎಂಬಿಬ್ಬರು ಅದನ್ನು ತಿದ್ದಿದರು. ತಿದ್ದಿದ ಕ್ರಮ ಹೀಗಿದೆ. ರೋಗಿಯು ನೆಟ್ಟಗೆ ನಿಂತಿರುವಾಗ, ಬೆನ್ನಿನ ಬುಡದಲ್ಲಿ ಎರಡು ಪಕ್ಕಗಳಲ್ಲಿ ಕಾಣುವ ಚಿಕ್ಕ ಗುಳಿಗಳನ್ನು ಸೇರಿಸುವ ರೇಖೆಯು ಬೆನ್ನಿನ ನಡುರೇಖೆಯನ್ನು ಕೂಡುವಲ್ಲಿ ಒಂದು ಗುರುತನ್ನು ಹಾಕುವುದು. ಅದರಿಂದ ಮೇಲಕ್ಕೆ ೧೦ ಸೆಂಟಿಮೀಟರಿಗೆ ಒಂದು, ಕೆಳಕ್ಕೆ ೫ ಸೆಂಟಿಮೀಟರಿಗೆ ಒಂದು ಗುರುತು. ಈಗ ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ೧೫ ಸೆಂಟಿಮೀಟರು. ರೋಗಿಯು ಸಾಧ್ಯವಾದಷ್ಟು ಮುಂದಕ್ಕೆ ಬಾಗಲಿ. ಅದೇ ಅಂತರವನ್ನು ಮತ್ತೆ ಅಳೆಯುವುದು. ಸ್ವಸ್ಥವಾದ ಬೆನ್ನಿನಲ್ಲಿ ಅದು ೨೦ ಸೆಂಟಿಮೀಟರು ಅಥವಾ ಅದಕ್ಕಿಂತ ಹೆಚ್ಚಾಗುತ್ತದೆ. ಐದು ಸೆಂಟಿಮೀಟರಿನಷ್ಟೂ ಹಿಗ್ಗದಿದ್ದರೆ ಕೆಳಬೆನ್ನು ಬಿಗಿದಿದೆಯೆಂದು ತಿಳಿಯತಕ್ಕದ್ದು.

ಇದರ ಯುಕ್ತಿಯನ್ನು ವಾಚಕರು ಗಮನಿಸಬೇಕು. ಮಣಿಗಳು ಒಂದರಿಂದೊಂದು ತೆರೆದುಕೊಂಡಾಗ ಅವುಗಳ ಮೇಲಿನ ಚರ್ಮವು ಹಿಗ್ಗಿ ಗುರುತುಗಳು ದೂರವಾಗುತ್ತವೆ. ತೊಡೆಸಂದು ಎಷ್ಟೇ ಮಡಿಚಿದರೂ ಗುರುತುಗಳ ಅಂತರ ಬದಲಾಗುವುದಿಲ್ಲ. ಗುರುತುಗಳೆಲ್ಲವೂ ಅದರ ಮೇಲ್ಗಡೆಯೇ ಇವೆ. ತಿರುಗಣಿಯಂತೆ ಬಾಗುವವನು ಈ ಪರೀಕ್ಷೆಯನ್ನು ವಂಚಿಸಲಾರನು.

ಮೇಲಿನ ಭಾಗಗಳಿಗೆ ಬೇರೆ ಅಳತೆಗಳಿವೆ. ಹಿಮ್ಮಡಿಗಳನ್ನೂ ಬೆನ್ನನ್ನೂ ಗೋಡೆಗೆ ತಾಗಿಸಿ ನಿಂತು ಹಿಂದಲೆಯನ್ನು ಗೋಡೆಗೆ ತಾಗಿಸಲು ಹೇಳುವುದು ಒಂದು. ಸ್ವಸ್ಥನಾದವನ ತಲೆ ಗೋಡೆಯನ್ನು ಮುಟ್ಟುತ್ತದೆ. ಬೆನ್ನು ಗೂನಾಗಿಯೋ ಕತ್ತು ಬಿಗಿದೋ ಇರುವವನಲ್ಲಿ ನಡುವೆ ಅಂತರ ಉಳಿಯುತ್ತದೆ. ಗಲ್ಲವನ್ನು ಎದೆಗೆ ತಾಗಿಸುವುದರಿಂದ ಕತ್ತಿನ ಬಾಗುವಿಕೆಯು ತಿಳಿಯುತ್ತದೆ. ಪಕ್ಕಕ್ಕೆ ಬಾಗಿ ಕೈಬೆರಳನ್ನು ತೊಡೆಯ ಮೇಲೆ ಕೆಳಕ್ಕೆ ಜಾರಿಸಿ, ಅದು ಎಷ್ಟು ದೂರ ಇಳಿಯಿತೆಂದು ಎರಡು ಪಕ್ಕಗಳಲ್ಲಿಯೂ ಅಳೆಯುವುದುಂಟು.

೪. ತೊಡೆಸಂದಿನ ಪರೀಕ್ಷೆಗಳು

ತೊಡೆಸಂದು ಬಿಗಿದವನು ಅದನ್ನು ತಾನೇ ಅರಿಯದೆ ಬೆನ್ನಿನಿಂದ ಮರೆಸುತ್ತಾನೆ. ತೊಡೆ ಮುಂದಕ್ಕೆ ಮಡಿಚಿಕೊಂಡೇ ನಿಂತುಬಿಟ್ಟರೆ, ಅವನು ಕೆಳಬೆನ್ನನ್ನು ಒಳಕ್ಕೆ ಬಾಗಿಸಿ ನೆಟ್ಟಗೆ ನಿಂತಂತೆ ಕಾಣುತ್ತಾನೆ. ಈ ಮರೆಯನ್ನು ತೆಗೆಯುವ ಪರೀಕ್ಷೆಗೆ ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸನ ಹೆಸರಿದೆ. ಈತನ ಕಾಲ ೧೮೩೪ರಿಂದ ೧೮೯೧ರವರೆಗೆ. ಪರಂಪರೆಯಿಂದ ಮೂಳೆ ಕೂಡಿಸುವ ನಾಟಿವೈದ್ಯರ ವಂಶದಲ್ಲಿ ಹುಟ್ಟಿ ಕ್ರಮವಾಗಿ ವೈದ್ಯವಿದ್ಯೆಯನ್ನು ಕಲಿತವನು. ರೋಗಿಯನ್ನು ಅಂಗಾತ ಮಲಗಿಸಿ, ಬೆನ್ನಿನ ಕೆಳಗೆ ಒಂದು ಕೈಯನ್ನು ಇಡುವುದು. ಸ್ವಸ್ಥವಾದ ಕಾಲನ್ನು ಮಡಿಸಿ ಮೊಣಕಾಲನ್ನು ಎದೆಯ ಕಡೆಗೆ ಒತ್ತಿದರೆ ಬೆನ್ನಿನ ಒಳಬಾಗು ಅಳಿದು ಬೆನ್ನು ಕೈಯನ್ನು ಅದುಮುತ್ತದೆ. ಆಗ ಇನ್ನೊಂದು ಕಾಲು ಹಾಸಿಗೆಯ ಮೇಲೆ ಚಾಚಿಯೇ ಇದ್ದರೆ ಆ ತೊಡೆಸಂದು ಸರಿಯಾಗಿದೆ. ಅದು ತಾನಾಗಿ ಮೇಲಕ್ಕೆದ್ದರೆ, ಎದ್ದ ಕೋನದಷ್ಟೇ ಸಂದು ಬಿಗಿದಿದೆ.

ಅಮೆರಿಕದ ಪ್ಯಾಟ್ರಿಕನ ಹೆಸರಿನ ಪರೀಕ್ಷೆಯು ನಮ್ಮವರಿಗೆ ಅಪರಿಚಿತವಾಗಿ ಕಾಣಲಾರದು. ಮಲಗಿದವನ ಒಂದು ಕಾಲನ್ನು ಮಡಿಸಿ ಹರಡನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟು, ಮಡಿಸಿದ ಮೊಣಕಾಲನ್ನು ಮೆಲ್ಲಗೆ ಕೆಳಕ್ಕೆ ಒತ್ತುವುದು. ಅರ್ಧಪದ್ಮಾಸನವನ್ನು ಮಲಗಿ ಹಾಕಿದಂತೆ. ತೊಡೆಸಂದಿನ ಮುಂಭಾಗದಲ್ಲಿ ನೋವಾದರೆ ದೋಷವು ತೊಡೆಸಂದಿನದೆಂದೂ, ಹಿಂದೆ ತ್ರಿಕದ ಪಕ್ಕದಲ್ಲಿ ನೋವಾದರೆ ತ್ರಿಕಕ್ಕೂ ಪಕ್ಕದೆಲುಬಿಗೂ ನಡುವಣ ಸಂಧಿಯದೆಂದೂ ಶಂಕಿಸತಕ್ಕದ್ದು. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ಇವೂ ತೊಡೆಸಂದಿನ ನಿತ್ಯಪರೀಕ್ಷೆಗಳೇ. ನಿನ್ನೆಯವರೆಗೆ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಂಡವನು ಇಂದು ಕುರ್ಚಿಯನ್ನು ಕೇಳಿದರೆ ಅದು ಅಭ್ಯಾಸದ ಬದಲಾವಣೆಯೋ ಸಂಧಿಯ ಬದಲಾವಣೆಯೋ ಎಂದು ವಿಚಾರಿಸಬೇಕು.

ಇಲ್ಲಿ ಮೂರನೆಯ ಕರ್ತೃವಿನ ಮಾತೂ ಬರುತ್ತದೆ. ಮಲಗಿದವನ ಕಾಲನ್ನು ಮೊಣಕಾಲು ಮಡಿಸದೆ ಮೇಲಕ್ಕೆತ್ತಿದಾಗ ತೊಡೆಯ ಹಿಂಬದಿ ಬರಿದೆ ಬಿಗಿದರೆ ಅದು ಸ್ನಾಯುವಿನದು. ಪಿರ್ರೆಯಿಂದ ಮೊಣಕಾಲಿನ ಕೆಳಗಿನವರೆಗೂ ನೋವು ಹರಿದರೆ ನರದ ಮೂಲವು ಅದುಮಿಹೋಗಿದೆಯೆಂದು ತಿಳಿಯುತ್ತಾರೆ. ಇದನ್ನು ಫ್ರಾನ್ಸಿನ ಲಸೇಗನ ಹೆಸರಿನಿಂದ ಕರೆಯುವುದು ರೂಢಿ. ಗ್ರಂಥಸ್ಥಮಾಡಿದವನು ಅವನ ಶಿಷ್ಯನಾದ ಫಾರ್ಸ್ಟ್, ೧೮೮೧ರಲ್ಲಿ. ಸುಶ್ರುತನು ನಿದಾನಸ್ಥಾನದಲ್ಲಿ ಗೃಧ್ರಸಿಗೆ ಲಕ್ಷಣವನ್ನು ಹೇಳುವಾಗ, ಹಿಮ್ಮಡಿ ಮತ್ತು ಬೆರಳುಗಳಿಗೆ ಹೋಗುವ ಕಂಡರೆಯು ವಾತಪೀಡಿತವಾಗಿ ಕಾಲನ್ನು ಎತ್ತಿಹಾಕುವುದನ್ನು ತಡೆಯುವುದೆಂದು ಹೇಳಿರುವುದು ಇಲ್ಲಿ ಸ್ಮರಣೀಯ. ನೋವನ್ನಷ್ಟೇ ಹೇಳದೆ ತಡೆಯಲ್ಪಟ್ಟ ಚಲನೆಯನ್ನೇ ಲಕ್ಷಣವಾಗಿ ಹಿಡಿದದ್ದು ಸೂಕ್ಷ್ಮವಾದ ದೃಷ್ಟಿ.

೫. ಎಲ್ಲಿ ಎಂಬುದರಿಂದ ಏಕೆ ಎಂಬುದಕ್ಕೆ

ಇಷ್ಟು ಪರೀಕ್ಷೆಗಳಿಂದ ಸಿದ್ಧವಾಗುವುದು ಎರಡೇ ಅಂಶ: ಬಿಗಿತವು ಎಲ್ಲಿದೆ, ಎಷ್ಟಿದೆ. ಏತರಿಂದ ಬಂದಿತೆಂಬುದು ಇವುಗಳಿಂದ ಸಿದ್ಧವಾಗದು. ಚರಕನು ವಾತಜವಾದ ಎಂಬತ್ತು ವಿಕಾರಗಳಲ್ಲಿ ತ್ರಿಕಗ್ರಹ, ಪೃಷ್ಠಗ್ರಹ, ಗ್ರೀವಾಸ್ತಂಭ, ಕುಬ್ಜತ್ವಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದಾನೆ, ಸ್ಥಾನಭೇದದಿಂದ ನಾಮಭೇದ. ಈಗಿನ ವೈದ್ಯರ ಎಣಿಕೆಯಲ್ಲಿ ಬೆನ್ನು ಬಿಗಿಯುವುದಕ್ಕೆ ಕಾರಣಗಳು ಅನೇಕ. ವಯಸ್ಸಿನ ಸವೆತ ಒಂದು. ಬೆಳಗಿನ ಜಾವ ಬಿಗಿದು ಓಡಾಡಿದ ಮೇಲೆ ಸಡಿಲುವ, ತಾರುಣ್ಯದಲ್ಲಿಯೇ ಆರಂಭವಾಗುವ ಬೆನ್ನಿನ ಉರಿಯೂತವೊಂದು. ಕ್ಷಯವು ಬೆನ್ನುಮೂಳೆಗೆ ತಗಲುವುದೊಂದು. ಈ ನಾಲ್ಕು ತಾಲ್ಲೂಕುಗಳಲ್ಲಿ ಮುಖ್ಯವಾಗಿ ನೆನೆಯಬೇಕಾದುದು ಮತ್ತೊಂದು: ಕುಡಿಯುವ ನೀರಿನ ಫ್ಲೋರೈಡು.

ಫ್ಲೋರೈಡು ಅಲ್ಪಪ್ರಮಾಣದಲ್ಲಿ ಹಲ್ಲಿಗೆ ಹಿತ. ಮಿತಿಮೀರಿ ಬಹುಕಾಲ ಸೇವಿಸಿದರೆ ಎಲುಬಿನಲ್ಲಿ ಸಂಚಯವಾಗುತ್ತದೆ. ಎಲುಬು ಅತಿಯಾಗಿ ಗಟ್ಟಿಯಾಗಿ, ಮಣಿಗಳನ್ನು ಬಂಧಿಸುವ ನಾರುಗಳೂ ಎಲುಬಾಗುತ್ತ ಬಂದು, ಬೆನ್ನೆಲ್ಲ ಒಂದೇ ಕಂಬವಾಗುತ್ತದೆ. ಮುಂದೆ ತೊಡೆಸಂದು ಮೊಣಕಾಲುಗಳು ಮಡಿಚಿಕೊಂಡೇ ನಿಲ್ಲಬಹುದು. ಬೆನ್ನಹುರಿ ಅದುಮಿಹೋಗಿ ಕಾಲುಗಳ ಬಲವೇ ಅಳಿಯಬಹುದು. ನಮ್ಮ ದೇಶದಲ್ಲಿ ಈ ರೋಗವನ್ನು ಶಾಸ್ತ್ರೀಯವಾಗಿ ವಿವರಿಸಿದುದು ಷಾರ್ಟ್ ಮೊದಲಾದವರು, ಆಗಿನ ಮದರಾಸು ಆಧಿಪತ್ಯದ ನೆಲ್ಲೂರು ಸೀಮೆಯಲ್ಲಿ, ೧೯೩೭ರಲ್ಲಿ. ಷೋಬರನು ತನ್ನ ಅಳತೆಯನ್ನು ಪ್ರಕಟಿಸಿದ ವರ್ಷವೇ ಅದು.

ಈ ರೋಗವನ್ನು ಹಳ್ಳಿಗಳಲ್ಲಿ ಹುಡುಕುವವರು ಮೂರು ಪರೀಕ್ಷೆಗಳನ್ನು ಬಳಸುತ್ತಾರೆ. ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳನ್ನು ಮುಟ್ಟುವುದು. ಗಲ್ಲವನ್ನು ಎದೆಗೆ ತಾಗಿಸುವುದು. ಕೈಗಳನ್ನು ಪಕ್ಕಕ್ಕೆ ಚಾಚಿ ಮೊಣಕೈ ಮಡಿಸಿ ಹಿಂದಲೆಯನ್ನು ಮುಟ್ಟುವುದು. ಬೆನ್ನು ತೊಡೆಸಂದುಗಳು, ಕತ್ತು, ಹೆಗಲು ಮೊಣಕೈಗಳು ಹೀಗೆ ಮೂರು ಸ್ಥಾನಗಳನ್ನೂ ಅರ್ಧ ನಿಮಿಷದಲ್ಲಿ ನೋಡಿದಂತಾಗುತ್ತದೆ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಕೇಳಬಹುದು: ಬಿಗಿತವು ಹೊಗೆಯಂತೆ, ಫ್ಲೋರೈಡು ಬೆಂಕಿಯಂತೆ, ಒಂದನ್ನು ಕಂಡು ಇನ್ನೊಂದನ್ನು ಏಕೆ ಊಹಿಸಬಾರದು? ಸಮಾಧಾನವೇನೆಂದರೆ, ಬೆಂಕಿಯಿಲ್ಲದೆ ಹೊಗೆಯಿಲ್ಲ. ಆದರೆ ಫ್ಲೋರೈಡಿಲ್ಲದೆಯೂ ಬಿಗಿತವುಂಟು. ಆದುದರಿಂದ ಆ ಹೇತು ಸವ್ಯಭಿಚಾರ. ಇದೇ ನ್ಯಾಯವು ‘ವಯಸ್ಸಾಯಿತು’ ಎಂಬುದಕ್ಕೂ ಸಲ್ಲುತ್ತದೆ. ವಯಸ್ಸಾದವರೆಲ್ಲರೂ ಹಾಗೆ ಬಿಗಿಯುವುದಿಲ್ಲ, ಬಿಗಿದವರೆಲ್ಲರೂ ವಯಸ್ಸಾದವರಲ್ಲ. ಅನ್ವಯವೂ ಇಲ್ಲ, ವ್ಯತಿರೇಕವೂ ಇಲ್ಲ.

ಹಾಗಾದರೆ ದಾರಿ ಯಾವುದು? ಚರಕನ ವಿಮಾನಸ್ಥಾನದ ಜನಪದೋದ್ಧ್ವಂಸವೆಂಬ ಅಧ್ಯಾಯದ ವಿಚಾರಸರಣಿಯು ಇಲ್ಲಿ ನೆರವಾಗುತ್ತದೆ. ಪ್ರಕೃತಿ, ಆಹಾರ, ದೇಹ, ಬಲ, ವಯಸ್ಸು ಇವೆಲ್ಲ ಬೇರೆ ಬೇರೆಯಾಗಿರುವ ಜನರಿಗೆ ಒಂದೇ ವ್ಯಾಧಿಯು ಹೇಗೆ ಬರುವುದೆಂಬುದು ಅಲ್ಲಿನ ಪ್ರಶ್ನೆ. ಅವರಿಗೆಲ್ಲ ಸಾಮಾನ್ಯವಾದ ವಾಯು, ಉದಕ, ದೇಶ, ಕಾಲ ಇವು ಕೆಟ್ಟಿರುವುದರಿಂದ ಎಂಬುದು ಉತ್ತರ. ಚರಕನು ಫ್ಲೋರೈಡನ್ನು ಬಲ್ಲನೆಂದು ನಾನು ಹೇಳುವುದಿಲ್ಲ. ಅಂಥ ಮಾತು ಗ್ರಂಥಕ್ಕೂ ಗೌರವವಲ್ಲ. ಆದರೆ ಯುಕ್ತಿಯು ಸರಿಯಾದುದು. ಒಬ್ಬನು ಬಾಗಲಾರದಿದ್ದರೆ ಅವನ ದೇಹವನ್ನು ವಿಚಾರಿಸು. ಊರಿನಲ್ಲಿ ಹಲವರು ಬಾಗಲಾರದಿದ್ದರೆ ಅವರಿಗೆ ಸಾಮಾನ್ಯವಾದುದನ್ನು ವಿಚಾರಿಸು.

೬. ನೀರಿನ ಸಾಕ್ಷ್ಯ

ಈ ಸೀಮೆಯು ಜಾಂಗಲದೇಶ. ಮಳೆ ಕಡಮೆ, ಬಿಸಿಲು ಹೆಚ್ಚು. ಜಯಮಂಗಲಿ, ಉತ್ತರ ಪಿನಾಕಿನಿ ನದಿಗಳು ವರ್ಷದ ಬಹುಕಾಲ ಮರಳಾಗಿಯೇ ಇರುವುವು. ಮಧುಗಿರಿಯ ಏಕಶಿಲೆಯ ಬೆಟ್ಟವೇ ಸಾರುವಂತೆ ಇದು ಬೆಣಚುಕಲ್ಲಿನ ನಾಡು. ರಾಮನಗರದ ಕಡೆಯಿಂದ ಬಳ್ಳಾರಿಯ ಕಡೆಗೆ ಉತ್ತರದಕ್ಷಿಣವಾಗಿ ಹಾಯುವ, ಭೂವಿಜ್ಞಾನಿಗಳು ಕ್ಲೋಸ್‌ಪೇಟೆಯ ಹೆಸರಿನಿಂದ ಕರೆಯುವ, ಶಿಲಾಪಂಕ್ತಿಯು ಈ ಮಾರ್ಗದಲ್ಲಿದೆ. ಇಂಥ ಶಿಲೆಗಳ ಅಭ್ರಕವೇ ಮೊದಲಾದ ಖನಿಜಗಳಲ್ಲಿ ಫ್ಲೋರಿನ್ ಅಡಗಿರುತ್ತದೆ. ಕೆರೆಯ ನೀರು ಮಳೆಯ ನೀರು; ಆಳದ ಕೊಳವೆಬಾವಿಯ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ಅದು ಕ್ಷಾರವಾಗಿದ್ದು ಸುಣ್ಣದ ಅಂಶ ಕಡಮೆಯಾಗಿದ್ದರೆ ಫ್ಲೋರೈಡು ಹೆಚ್ಚಾಗಿ ಕರಗುತ್ತದೆ. ಭಾರತೀಯ ಮಾನಕವು ೨೦೧೨ರಲ್ಲಿ ವಿಧಿಸಿದಂತೆ ಒಂದು ಲೀಟರಿನಲ್ಲಿ ೧ ಮಿಲಿಗ್ರಾಂ ಗ್ರಾಹ್ಯ. ಬೇರೆ ನೀರು ದೊರೆಯದಲ್ಲಿ ೧.೫ರವರೆಗೆ ಅನುಮತ. ಈ ತಾಲ್ಲೂಕುಗಳ ಅನೇಕ ಗ್ರಾಮಗಳ ಅಂತರ್ಜಲವು ಈ ಎಲ್ಲೆಯನ್ನು ಮೀರಿದೆ. ಬಿಸಿಲಿನಲ್ಲಿ ದುಡಿಯುವವನು ಹೆಚ್ಚು ನೀರನ್ನು ಕುಡಿಯುವುದರಿಂದ ಅವನ ಪಾಲಿನ ಫ್ಲೋರೈಡೂ ಹೆಚ್ಚು.

ನೀರಿನ ಸಾಕ್ಷ್ಯಕ್ಕೆ ಹಲ್ಲಿನ ಸಾಕ್ಷ್ಯವೂ ಕೂಡುತ್ತದೆ. ಶಾಶ್ವತವಾದ ಹಲ್ಲಿನ ಹೊರಪದರವು ರೂಪುಗೊಳ್ಳುವುದು ಹುಟ್ಟಿದ ಮೊದಲ ಎಂಟು ವರ್ಷಗಳೊಳಗೆ. ಆಗ ಫ್ಲೋರೈಡು ಅತಿಯಾದರೆ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆಗಳೂ ಹಳದಿ ಅಥವಾ ಕಂದು ಗೆರೆಗಳೂ ಉಳಿಯುತ್ತವೆ, ಉಜ್ಜಿದರೆ ಹೋಗುವುವಲ್ಲ. ಇವು ಶಾಸನದ ಅಕ್ಷರಗಳಂತೆ, ಬಾಲ್ಯದಲ್ಲಿ ಕುಡಿದ ನೀರನ್ನು ಮುಂದೆಂದಿಗೂ ಹೇಳುತ್ತಿರುವುವು. ಬಾಗಲಾರದ ತಂದೆಯ ಪಕ್ಕದಲ್ಲಿ ಅಂಥ ಹಲ್ಲಿನ ಮಗನು ನಿಂತಿದ್ದರೆ ಶಂಕೆಗೆ ಬಲ ಬರುತ್ತದೆ. ನೀರಿನ ಪರೀಕ್ಷೆ, ಮೂತ್ರದ ಪರೀಕ್ಷೆ, ಮುಂದೋಳು ಬೆನ್ನುಗಳ ಎಕ್ಸ್‌ರೇ ಚಿತ್ರ ಇವು ಕೂಡಿದ ಮೇಲೆ ವೈದ್ಯನು ನಿರ್ಣಯಿಸುತ್ತಾನೆ.

೭. ಉಪಸಂಹಾರ

ಒಮ್ಮೆ ಎಲುಬಾಗಿ ಹೋದ ನಾರನ್ನು ಮರಳಿ ನಾರಾಗಿಸುವ ಔಷಧವಿಲ್ಲ. ಆದುದರಿಂದಲೇ ಬೇಗ ತಿಳಿಯುವುದರಲ್ಲಿ ಪ್ರಯೋಜನ. ನೀರನ್ನು ಬದಲಾಯಿಸಿದರೆ ಮುಂದಿನ ಸಂಚಯವು ನಿಲ್ಲುತ್ತದೆ. ಆರಂಭದ ನೋವು ಬಿಗಿತಗಳು ತಗ್ಗುವುದೂ ಉಂಟು. ಚಿಕ್ಕ ಮಕ್ಕಳ ಹಲ್ಲೂ ಬೆನ್ನೂ ಉಳಿಯುತ್ತವೆ. ನೀರನ್ನು ಕಾಯಿಸುವುದರಿಂದ ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಮಂದವಾಗುತ್ತದೆ. ಪಟಿಕ ಸುಣ್ಣಗಳಿಂದ ತಿಳಿಗೊಳಿಸುವ, ನಲ್ಗೊಂಡದ ಹೆಸರಿನ, ಕ್ರಮವೊಂದುಂಟು. ಹಳ್ಳಿಗಳ ಶುದ್ಧ ನೀರಿನ ಘಟಕಗಳೂ, ಸಂಗ್ರಹಿಸಿದ ಮಳೆಯ ನೀರೂ, ದೂರದಿಂದ ತಂದ ನದಿಯ ನೀರೂ ಉಪಾಯಗಳು. ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿಗಳಿಂದ ಕೂಡಿದ ಊಟವು ಸಹಕಾರಿ.

ಈ ಪತ್ರಿಕೆಯ ವಾಚಕರಲ್ಲಿ ಅಧ್ಯಾಪಕರು ಬಹುಮಂದಿ. ಅವರು ವೈದ್ಯರಾಗಬೇಕೆಂದು ನಾನು ಕೇಳುವುದಿಲ್ಲ. ಪೆಟ್ಟು ತಿಂದವನನ್ನು, ಕಾಲು ಜೋಮುಹಿಡಿದವನನ್ನು, ಮುಪ್ಪಿನಿಂದ ಎಲುಬು ಸವೆದವರನ್ನು ಬಗ್ಗಿಸಿ ನೋಡುವುದು ತರವಲ್ಲ. ಯಾರನ್ನೂ ಬಲಾತ್ಕಾರದಿಂದ ಬಗ್ಗಿಸಕೂಡದು. ಆದರೆ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಕಾಲ್ಬೆರಳನ್ನು ಮುಟ್ಟುವಾಗ ನೋಡುವುದು, ಅವರು ನಕ್ಕಾಗ ಹಲ್ಲನ್ನು ಗಮನಿಸುವುದು, ಸಂಶಯ ಬಂದರೆ ಊರಿನ ನೀರನ್ನು ಒಂದು ಸೀಸೆಯಲ್ಲಿ ಪರೀಕ್ಷೆಗೆ ಕಳುಹಿಸಿ ಮಕ್ಕಳನ್ನು ಸಮೀಪದ ಆರೋಗ್ಯಕೇಂದ್ರಕ್ಕೆ ತೋರಿಸುವುದು, ಇವು ಅಧ್ಯಾಪಕರಿಗೆ ಅಶಕ್ಯವಾದುವಲ್ಲ. ಭಾರತ ಸರ್ಕಾರವು ಈ ರೋಗದ ನಿವಾರಣೆಗಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ೨೦೦೮-೦೯ರಲ್ಲಿಯೇ ಆರಂಭಿಸಿದೆ. ಆದರೆ ಕಾರ್ಯಕ್ರಮವು ಮನೆಯ ಬಾಗಿಲಿಗೆ ಬರುವ ಮೊದಲೇ ‘ವಯಸ್ಸಾಯಿತು’ ಎಂಬ ಮಾತು ಬಂದು ಕುಳಿತಿದ್ದರೆ ವಿಚಾರವೇ ನಡೆಯದು.

ನಾನು ಆ ಹಳ್ಳಿಯಿಂದ ಹೊರಡುವಾಗ ಯಜಮಾನರಿಗೆ ಹೇಳಿದುದು ಇಷ್ಟೇ: ತಮ್ಮ ಬೆನ್ನನ್ನು ವೈದ್ಯರಿಗೆ ತೋರಿಸಿರಿ, ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿರಿ, ಹುಡುಗನಿಗೆ ಇಂದಿನಿಂದಲೇ ಬೇರೆ ನೀರನ್ನು ಕೊಡಿರಿ. ಈ ಮೂರರಲ್ಲಿ ಕೊನೆಯದು ಮೊದಲು ನಡೆಯತಕ್ಕದ್ದು.